ಹನುಮಯ್ಯನ ವೈರಾಗ್ಯ

ಮಗ ಹನುಮಯ್ಯ ಸ್ವಾಮಿಯಾಗುತ್ತಿದ್ದಾನೆ ಎಂದು ಕೆಂಗೇರಿಯ ಅಂಜನಮ್ಮನಿಗೆ ಆ ವರ್ಷ ಹೆಮ್ಮೆಯೋ ಹೆಮ್ಮೆ.

ಹನುಮಯ್ಯ ಗಾರೆ ಕೆಲಸದವನು. ವಿಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ ಅದು. ಅವನು ಕಟ್ಟಿದ ಗೋಡೆಯನ್ನು ಮೇಸ್ತ್ರಿ ಅಳೆದು ನೋಡುತ್ತಲೂ ಇರಲಿಲ್ಲ. ಐದು ವರ್ಷದ ಕೆಳಗೆ ಈಶ್ವರನ ಗುಡಿಯ ಮಂಟಪದಲ್ಲಿ ತಂಗಿದ್ದ ಬೈರಾಗಿಯೊಬ್ಬ, ಸೊಂಟನೋವಿಗೆ ಒಳ್ಳೆಯದೆಂದು ಅವನ ಕೈಗೆ ಚಿಲುಮೆ ಕೊಟ್ಟ. ಅಂದಿನಿಂದ ಬೆಳಿಗ್ಗೆ ಗಾಂಜಾ, ಸಂಜೆ ಗಾಂಜಾ. ಮೊದಲು ಕೋಪ ಹೋಯಿತು. ಆಮೇಲೆ ಮಾತು ಹೋಯಿತು, ಕೆಲಸವೂ ತಪ್ಪಿತು. ಅಪ್ಪ ತೀರಿಕೊಂಡ ದಿನವೂ ಅವನ ಕಣ್ಣು ಒದ್ದೆಯಾಗಲಿಲ್ಲ.

“ಮಾಯೆ ಗೆದ್ದವ್ನೆ” ಎಂದು ಗುಡಿಯ ಭಜನೆಯವರು ಕೈಮುಗಿದರು, ಬಿಲ್ವದ ಹಾರ ಹಾಕಿದರು. ಶಿವರಾತ್ರಿಗೆ ಕಾವಿ ಉಡಿಸಿ ಮಂಟಪದಲ್ಲೇ ಕೂರಿಸುವುದೆಂದು ತೀರ್ಮಾನವಾಯಿತು. ಹೆಂಡತಿ ನೀಲಮ್ಮ ಮಾತ್ರ ಒಳಗೇ ಬೇಯುತ್ತಿದ್ದಳು. ಗಂಡ ಕಾವಿ ಉಟ್ಟರೆ ತಾನೂ ಐದು ವರ್ಷದ ಮಗಳೂ ಯಾರ ಮುಖ ನೋಡಬೇಕು?

ಹಬ್ಬಕ್ಕೆ ಎಂಟು ದಿನ ಇರುವಾಗ ನರ್ಸ್ ಜಲಜಾ ಚುಚ್ಚುಮದ್ದು ಹಾಕಲು ಆ ಬೀದಿಗೆ ಬಂದಳು.

“ಜಗಲಿ ಮ್ಯಾಲೆ ಸ್ವಾಮಿಗಳು ಕೂತವ್ರೆ, ಕೈಮುಗಿದು ಒಳಿಕ್ಕೆ ಬಾ ತಾಯಿ” ಎಂದಳು ಅಂಜನಮ್ಮ.

ಅಷ್ಟರಲ್ಲಿ ಮಗು ಚೊಂಬಿನ ಬಿಸಿನೀರನ್ನು ಕೈಮೇಲೆ ಚೆಲ್ಲಿಕೊಂಡು ಕಿರುಚಿತು. ಹನುಮಯ್ಯ ಚಿಲುಮೆ ಹಿಡಿದು ಮಾರು ದೂರದಲ್ಲೇ ಇದ್ದ. ಮಗಳ ಮುಖ ನೋಡಿದ. ನೋಡುತ್ತಲೇ ಇದ್ದ.

“ಆಡ್ತಾ ಐತೆ” ಎಂದ.

ಜಲಜಾ ಓಡಿಬಂದು ಮಗುವಿನ ಕೈಯನ್ನು ತಣ್ಣೀರಿನಲ್ಲಿ ಹಿಡಿದಳು. ಅಳು ಇಳಿದ ಮೇಲೆ ಅಂಜನಮ್ಮನ ಕಡೆ ತಿರುಗಿದಳು.

“ಅಮ್ಮಾ, ಇದು ವೈರಾಗ್ಯ ಅಲ್ಲ. ಗಾಂಜಾ ಮಾಡಿರೋದು.”

“ಬಿಡ್ತು ಅನ್ನು! ಶಿವನ ಸೊಪ್ಪು ಅದು.”

“ಶಿವ ವಿಷಾನೂ ಕುಡಿದ. ನಿಮ್ಮ ಮಗನಿಗೆ ಕೊಡ್ತೀರಾ?”

ನೀಲಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಂಜನಮ್ಮ ಸೊಸೆಯನ್ನು ಗುರಾಯಿಸಿ ಜಲಜಾಳ ಕಡೆ ತಿರುಗಿದಳು. “ನೀನು ಓದ್ದೋಳು, ಬಾಯಿ ಜೋರು. ಅವ್ನು ಕೋಪ ಮಾಡ್ಕೊಳಾಕಿಲ್ಲ, ಅಳಾಕಿಲ್ಲ. ಇನ್ನೇನು ಬೇಕು?”

“ನಿಜವಾಗಿ ದೊಡ್ಡವರಾದೋರಿಗೆ ಇನ್ನೊಬ್ಬರ ನೋವು ನಮಗಿಂತ ಬೇಗ ಕಾಣುತ್ತೆ, ಅಲ್ವಾ? ನಿಮ್ಮ ಮಗನಿಗೆ ಹೆತ್ತ ಮಗಳ ನೋವೇ ಕಾಣ್ಲಿಲ್ಲ. ಎದುರಿಗಿರೋರು ಹೆದರಿದಾರೋ, ಅಳ್ತಾ ಇದಾರೋ ಅಂತ ತಿಳಿಯೋದು ಮಿದುಳಿನ ಕೆಲಸ. ದಿನಾ ವರ್ಷಗಟ್ಟಲೆ ಸೇದಿದರೆ ಆ ಕೆಲಸ ಮಂಕಾಗಬಹುದು. ಮರೆವು ಬರುತ್ತೆ, ಯಾವುದರಲ್ಲೂ ಮನಸ್ಸು ನಿಲ್ಲಲ್ಲ. ಎಲ್ಲರಿಗೂ ಒಂದೇ ಥರ ಆಗಲ್ಲ, ನಿಮ್ಮ ಮಗನಿಗೆ ಆಗಿದೆ. ನಂಬಿಕೆ ಇಲ್ದಿದ್ರೆ ಎರಡು ದಿನ ಚಿಲುಮೆ ಎತ್ತಿಡಿ. ಈ ಶಾಂತಿ ನಿಲ್ಲುತ್ತಾ ನೋಡಿ.”

ಅಂಜನಮ್ಮ ಹಟಕ್ಕೆ ಬಿದ್ದು ಎತ್ತಿಟ್ಟಳು. ಎರಡನೆಯ ದಿನ ಹನುಮಯ್ಯ ಮನೆಯೆಲ್ಲ ತಡಕಾಡಿದ, ಮುದ್ದೆಯ ತಟ್ಟೆಯನ್ನು ಅಂಗಳಕ್ಕೆ ಎಸೆದ. ತಾಯಿ ದೇವರ ಮುಂದೆ ಕೂತು ಬಹಳ ಹೊತ್ತು ಏಳಲಿಲ್ಲ. ಎದ್ದವಳು ನೇರ ಭಜನೆಯವರ ಬಳಿ ಹೋದಳು.

“ಕಾವಿ ಬ್ಯಾಡ. ಅವನ ಶಾಂತಿ ಹೊಗೇಲಿತ್ತು ಕಣ್ರಪ್ಪಾ. ನಾನೇ ತಪ್ಪು ತಿಳ್ಕೊಂಡೆ.”

ತಾಯಿ ಮಗ ಇಬ್ಬರನ್ನೂ ಜಲಜಾ ಮನೋರೋಗದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಮೊದಲ ವಾರಗಳು ಕಷ್ಟವಾದವು. ನಿದ್ದೆಯಿಲ್ಲ, ಊಟ ಸೇರದು, ಮಾತೆತ್ತಿದರೆ ಸಿಡುಕು. “ಚೆನ್ನಾಗಿದ್ದೋನ್ನ ಆ ನರ್ಸು ಕೆಡಿಸಿದ್ಲು” ಎಂದು ಅಂಜನಮ್ಮ ಒಮ್ಮೊಮ್ಮೆ ಗೊಣಗಿದಳು. ಆದರೂ ಮಗನ ಕೈ ಬಿಡಲಿಲ್ಲ. ನಡುವೆ ಒಮ್ಮೆ ಹನುಮಯ್ಯ ಜಾರಿ ಮತ್ತೆ ಸೇದಿದ. ಡಾಕ್ಟರು ಬೈಯಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡೋಣ ಎಂದರು.

ಯುಗಾದಿ ಕಳೆಯಿತು, ಮಳೆಗಾಲ ಬಂತು. ಚಿಲುಮೆ ಬಿಟ್ಟು ಗಾರೆ ಕೆಲಸಕ್ಕೆ ಮರಳಿದ್ದ ಹನುಮಯ್ಯ ಒಂದು ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದ. ಟವೆಲು ಕೊಡಲು ಬಂದ ನೀಲಮ್ಮನನ್ನು ತಲೆಯೆತ್ತಿ ನೋಡಿದ.

“ಯಾಕಮ್ಮಿ, ಮುಖ ಸಪ್ಪಗೈತೆ? ಊರಿಂದ ಕಾಗದ ಬಂತಾ? ನಿಮ್ಮವ್ವಂಗೆ ಹುಷಾರಿಲ್ವಾ?”

ನೀಲಮ್ಮ ಏನೂ ಹೇಳಿರಲಿಲ್ಲ. ಕಾಗದ ಸೊಂಟದಲ್ಲೇ ಇತ್ತು. ಅವಳು ಅಲ್ಲೇ ಬಿಕ್ಕಿದಳು. ಅವನ ಕಣ್ಣೂ ತುಂಬಿತು.

ಆ ಸೋಮವಾರ ಭಜನೆಯಲ್ಲಿ ಯಾರೋ ಕೆಣಕಿದರು: “ಏನಮ್ಮೋ, ನಿಮ್ಮ ಸ್ವಾಮಿಗಳು ಬರ್ಲಿಲ್ವಾ?”

ಅಂಜನಮ್ಮ ತಲೆಯೆತ್ತಿ ಹೇಳಿದಳು: “ಸ್ವಾಮಿ ಇಲ್ಲ ಕಣಪ್ಪ. ನನ್ ಮಗ ಅವ್ನೆ. ಅತ್ತೇನ ನೋಡ್ಬೇಕು ಅಂತ ಹೆಂಡ್ತಿ ಕರ್ಕೊಂಡು ರಾಮನಗರದ ಬಸ್ಸು ಹತ್ತವ್ನೆ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಗಾಂಜಾ ಸೇದುವವರು ಸುಮ್ಮನಾಗಿಬಿಟ್ಟಿದ್ದರೆ ಅದನ್ನು ಶಾಂತಿ ಎಂದುಕೊಳ್ಳಬೇಡಿ. ಮುಚ್ಚಿಡಬೇಡಿ, ಹೀಯಾಳಿಸಬೇಡಿ. ಈ ವಾರವೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜೊತೆಗೆ ನೀವೂ ಕೂತುಕೊಳ್ಳಿ. ದೇವರು ಮನುಷ್ಯನಿಗೆ ಮರುಗುವ ಮನಸ್ಸು ಕೊಟ್ಟಿದ್ದಾನೆ. ಅದನ್ನು ಹೊಗೆಗೆ ಕೊಡುವುದು ಬೇಡ.