ಭಂಡಾರ ಹಚ್ಚಿದ ಮೊಬೈಲು

“ಏ ಸೂಳೀಮಗನ, ಗಂಟು ನೆಲಕ್ಕ ಯಾಕ ಒಗದಿ? ನಿಮ್ಮಪ್ಪನ ಮಾಲೇನ ಅದು?”

ಅವಿನಾಶಶೇಠ ಕುರ್ಚಿಯಿಂದ ಏಳದೆಯೇ ಕೂಗಿದ. ಅಮೋಗಸಿದ್ಧ ಟವೆಲ್ ಗಂಟಿನ ಪಕ್ಕ ಕುಕ್ಕರಿಸಿದ್ದ. ಎಡಭುಜ ಮೇಲೇಳುತ್ತಿರಲಿಲ್ಲ. ನಾಗಣಸೂರಿನಲ್ಲಿ ಕುರಿ ಮೇಯಿಸಿಕೊಂಡಿದ್ದವನು ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಈ ಗೋದಾಮಿಗೆ ಹಮಾಲನಾಗಿ ಬಂದಮೇಲೆ ಆ ಭುಜ ಸವೆದುಹೋಗಿತ್ತು. ಅವನು ಕೇಳಿದ್ದು ಇಷ್ಟೇ, ಫ್ಯಾನಿನ ಕೆಳಗೆ ಕೂತು ಟವೆಲ್ ಮಡಚುವ ಕೆಲಸ. ಮಡಚುವವರ ಸಾಲಿನಲ್ಲಿ ಗಂಗುಬಾಯಿಯ ಪಕ್ಕ ಒಂದು ಜಾಗ ಖಾಲಿಯೂ ಇತ್ತು.

“ಕೊಡ್ತೀನೋ ಮುದಿಯಾ. ನಿನ್ನ ಮಗಾ ಗೇಮಿನ್ಯಾಗ ನನ್ನ ಸೋಲಿಸ್ಲಿ, ಕೊಡ್ತೀನಿ,” ಎಂದಿದ್ದ ಶೇಠ.

ಮಗ ಮೈಲಾರಲಿಂಗನೂ ಅಲ್ಲೇ ಹಮಾಲ. ಊಟದ ಹೊತ್ತಿಗೆ ಅವನೂ ಶೇಠನೂ ಎದುರುಬದುರು ಕೂತು ಮೊಬೈಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಶೇಠನ ಆಟಗಾರರೆಲ್ಲ ರೊಕ್ಕ ಕೊಟ್ಟು ತಂದವರು, ಬಂಗಾರದ ಬಣ್ಣದ ಅಂಗಿಯವರು. ಮೈಲಾರಲಿಂಗನವರು ಪುಕ್ಕಟೆ ಸಿಕ್ಕವರು. ಆದರೂ ಅವನು ಗೆಲುವಿನ ಬಾಗಿಲವರೆಗೆ ಬರುತ್ತಿದ್ದ. ಅಲ್ಲಿಗೆ ಬಂದೊಡನೆ ಏನೋ ಆಗುತ್ತಿತ್ತು.

ಇವತ್ತೂ ಆಯಿತು. ಇನ್ನೊಂದು ರನ್ ಸಾಕಿತ್ತು. ಓಡುತ್ತಿದ್ದ ಆಟಗಾರ ಪಿಚ್ಚಿನ ನಡುವೆ, ಹಗ್ಗ ಕಟ್ಟಿದ ಟಗರಿನಂತೆ ತಡೆದು ನಿಂತ. ಔಟ್.

“ಅಪ್ಪಾ, ನಾ ಗೆಲ್ಲಾಕತ್ತಿದ್ರ ಸಾಕು, ಒಳಗಿಂದ ಯಾರೋ ಕಾಲು ಹಿಡದಂಗ ಆಗತೈತಿ,” ಎಂದ ಮೈಲಾರಲಿಂಗ.

“ಸೋತ ಮ್ಯಾಲ ಎಲ್ಲಾರೂ ಹಿಂಗ ಅಂತಾರ,” ಶೇಠ ನಕ್ಕ. “ಕುರಿ ಕುಂಡಿ ಹಿಂದ ತಿರಗೋ ಮಂದಿಗಿ ಗೇಮ್ ಯಾಕೋ? ರೊಕ್ಕಾ ಹಾಕು, ಗೆಲ್ಲು. ನಾ ಬ್ಯಾಡ ಅಂದೀನೇನು?”

ಅಮೋಗಸಿದ್ಧ ಸೊಂಟದ ಚೀಲದಿಂದ ಕುಲದೇವರು ಬೀರೋಬಾನ ಭಂಡಾರ ತೆಗೆದ. ಅವನ ಹಟ್ಟಿಯಲ್ಲಿ ಜಗಳ ಬಗೆಹರಿಯುತ್ತಿದ್ದುದೇ ಹೀಗೆ. ಆ ಅರಿಷಿಣದ ಪುಡಿ ಮುಟ್ಟಿ ಸುಳ್ಳು ಹೇಳಿದವರನ್ನು ಅವನು ಕಂಡಿರಲಿಲ್ಲ.

“ಇದನ್ನ ಮುಟ್ಟಿ ಹೇಳ್ರಿ ಶೇಠ, ಆಟದಾಗ ಮೋಸ ಇಲ್ಲಂತ.”

“ಒಳಗ ಏನ್ ಇಟ್ಟಾರಂತ ನನಗೇನ್ ಗೊತ್ತೋ? ಮಾಡಿದವ್ರಿಗಿ ಕೇಳು. ಇಲ್ಲಾ, ತಗೋ, ಇದಕ್ಕ ಆಣಿ ಮಾಡಸು!” ಎಂದು ಶೇಠ ತನ್ನ ಮೊಬೈಲನ್ನೇ ಚಾಚಿದ.

ಹಮಾಲರು ಹೋ ಎಂದು ನಕ್ಕರು. ಅಮೋಗಸಿದ್ಧ ನಗಲಿಲ್ಲ. ಮೊಬೈಲನ್ನು ತೊಡೆಯ ಮೇಲಿಟ್ಟು, ಗಾಜಿಗೆ ಭಂಡಾರ ಹಚ್ಚಿ, ಬಾಗಿ ಕೇಳಿದ. “ಖರೇ ಹೇಳಪಾ. ನನ್ನ ಮಗನ ಕಾಲು ಹಿಡದಾವ್ರು ಯಾರು?”

ಮೊಬೈಲು ಟಿಣ್ ಎಂದಿತು.

“ಏನಂತೋ?” ಓದಲು ಬಾರದ ಅಪ್ಪ ಮಗನನ್ನು ಕೇಳಿದ.

ಮೈಲಾರಲಿಂಗ ಹಳದಿ ಒರೆಸಿ ನೋಡಿದ. “ಹೊಸಾ ಬೌಲರ್ ಬಂದಾನಂತ ಅಪ್ಪಾ. ಇವತ್ತೊಂದಿನ ಅರ್ಧಾ ರೇಟ್.”

ಈ ಸಲ ನಕ್ಕವನು ಶೇಠನೊಬ್ಬನೇ. “ಸಿಕ್ತಲ್ಲಾ ಜವಾಬು? ಏಳು, ಗಂಟು ಹೊರು. ಗಾಡಿ ನಿಂತೈತಿ.”

ಅಮೋಗಸಿದ್ಧ ಎದ್ದ. ಗಂಟನ್ನು ದಾಟಿ ಹೋಗಿ ಗಂಗುಬಾಯಿಯ ಪಕ್ಕದ ಖಾಲಿ ಜಾಗದಲ್ಲಿ ಕೂತ. ಟವೆಲೊಂದನ್ನು ಎಳೆದು ತೊಡೆಯ ಮೇಲೆ ಹರಡಿದ.

“ಏ ಭಾಡ್ಯಾ! ಏಳ್ತೀಯೋ, ಒದ್ದು ಎಬ್ಬಸ್ಲೋ?”

“ನಾ ಹೊರಂಗಿಲ್ಲ.”

ಶೇಠ ಹೋಗಿ ಫ್ಯಾನು ಆರಿಸಿದ. ತಗಡಿನ ಚಾವಣಿಯ ಕಾವು ಸಾಲಿನ ಮೇಲೆಲ್ಲ ಇಳಿಯತೊಡಗಿತು. ಹೊರಗೆ ಲಾರಿ ಹಾರ್ನು ಹೊಡೆಯುತ್ತಲೇ ಇತ್ತು. ಮೈಲಾರಲಿಂಗನೂ ಗಂಟಿಗೆ ಕೈ ಹಚ್ಚಲಿಲ್ಲ. ಗಂಗುಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಶೇಠನ ಕಡೆ ನೋಡದೆ, ತನ್ನ ಮುಂದಿನ ರಾಶಿಯಲ್ಲಿ ಅರ್ಧವನ್ನು ಅಮೋಗಸಿದ್ಧನ ಕಡೆ ತಳ್ಳಿದಳು.

“ಹಂಗಲ್ಲೋ ಅಣ್ಣಾ,” ಎಂದಳು. “ಮೊದಲ ಅಂಚಿಗಿ ಅಂಚು ಕೂಡಸು.”