ಸೇತುವೆ ಏಳುವ ಹೊತ್ತು

ಚಳಿಗಾಲ ಮುಗಿದು ಹಾಯಿದೋಣಿಗಳು ಸರೋವರಕ್ಕೆ ಮರಳುವ ವಾರಗಳಲ್ಲಿ ಶಿಕಾಗೋ ನದಿಯ ಸೇತುವೆಗಳು ಒಂದಾದ ಮೇಲೊಂದು ಎದ್ದು ದಾರಿ ಬಿಡುತ್ತವೆ. ಅರ್ನೆಸ್ಟೀನ್ ವರ್ಷವಿಡೀ ಕಾಯುತ್ತಿದ್ದುದು ಇದಕ್ಕೇ. ದಡದಲ್ಲಿ ನಿಂತು ತೆಗೆದ ಫೋಟೋ ಅವಳಿಗೆ ಲೆಕ್ಕಕ್ಕಿಲ್ಲ. ನೀರಿನ ಮೇಲಿಂದ ಕತ್ತೆತ್ತಿದರೇ ಆ ಕಬ್ಬಿಣದ ಭಾರ ಗೊತ್ತಾಗೋದು ಅನ್ನುವಳು. ತಮ್ಮ ಕ್ಲಿಯೋಫಸ್‌ನ ಹತ್ತಿರ ಮೀನು ಹಿಡಿಯುವ ಸಣ್ಣ ಮೋಟಾರು ದೋಣಿಯಿತ್ತು. ಗೊಣಗುತ್ತಲೇ ಬರುತ್ತಿದ್ದ, ಒಂದು ವರ್ಷವೂ ತಪ್ಪಿಸಿದವನಲ್ಲ.

ಆ ಬುಧವಾರ ಬೆಳಿಗ್ಗೆಯೂ ರೇಗಿಸುತ್ತಿದ್ದ. "ಭಾವ ಇದ್ದಾಗ ಅವರ ಮುಖಾನ ಇಷ್ಟು ಹೊತ್ತು ನೋಡಿದ್ಯೇನಕ್ಕಾ?"

"ನಿಮ್ಮ ಭಾವ ಇಷ್ಟು ಚೆಂದ ಇರ್ಲಿಲ್ಲ ಕಣೋ."

ಸೇತುವೆ ಏಳುವ ಮುನ್ನಿನ ಎಚ್ಚರಿಕೆ ಗಂಟೆ ಹೊಡೆಯಿತು. ಮೇಲೆ ಕಾರುಗಳು ನಿಂತವು. ಸೇತುವೆಯ ನಟ್ಟನಡುವೆ ಬಿರುಕು ಬಿಟ್ಟು ಬೆಳಕು ಕಂಡಿತು. ಅವಳು ಕ್ಯಾಮೆರಾಕ್ಕೆ ಕಣ್ಣಿಟ್ಟಿದ್ದಾಗಲೇ ಹಿಂದಿನಿಂದ ಕ್ಲಿಯೋಫಸ್, ಎಡಗೈ ಯಾಕೋ ಜೋಮು ಹಿಡಿದಿದೆ ಅಂದ.

"ಒಂದ್ನಿಮಿಷ ಇರೋ. ದೋಣಿ ಅಲ್ಲಾಡಿಸ್ಬೇಡ."

ಅವನು ಅಲ್ಲಾಡಿಸಲಿಲ್ಲ. ಸೇತುವೆಯ ಎರಡು ಹೋಳುಗಳೂ ನೆಟ್ಟಗೆ ನಿಲ್ಲುವವರೆಗೆ ಅವಳು ಕ್ಲಿಕ್ಕಿಸುತ್ತಲೇ ಇದ್ದಳು. ತಿರುಗಿ ನೋಡಿದರೆ ತಮ್ಮನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈಯೊಂದೇ ಸ್ಟೀರಿಂಗನ್ನು ಬಿಗಿಹಿಡಿದಿತ್ತು.

ಹಾಯಿದೋಣಿಯವರು ಅವರ ದೋಣಿಗೆ ಹಗ್ಗ ಕಟ್ಟಿ ದಡಕ್ಕೆಳೆದರು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಆಚೆ ದಡಕ್ಕೆ. ಸೇತುವೆ ಇನ್ನೂ ಮೇಲೇ ಇತ್ತು. ಅದರಡಿ ದೋಣಿಗಳು ಸಾವಕಾಶವಾಗಿ ಸಾಗುತ್ತಿದ್ದವು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ನೆಸ್ಟೀನ್, ಇಳಿ, ಇಳಿ ಎಂದು ಅದನ್ನೇ ನೋಡುತ್ತ ಕೂತಳು.

ಜೀವ ಉಳಿಯಿತು. ಎಡಭಾಗಕ್ಕೆ ಮತ್ತೆ ಶಕ್ತಿ ಬರಲಿಲ್ಲ. ಇನ್ನಷ್ಟು ಬೇಗ ಕರೆತಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಬೈದಿದ್ದರೇ ಅವಳಿಗೆ ವಾಸಿಯಿತ್ತು.

ತಿಂಗಳಾದ ಮೇಲೆ ಫಿಲ್ಮು ತೊಳೆಸಿದಳು. ಅವಳು ಜನ್ಮದಲ್ಲಿ ತೆಗೆದದ್ದರಲ್ಲೆಲ್ಲ ಅದೇ ಒಳ್ಳೆಯ ಫೋಟೋ: ಎರಡು ಕಬ್ಬಿಣದ ಗೋಡೆಗಳು, ನಡುವೆ ತುಂಡು ಆಕಾಶ, ಎಳ್ಳಷ್ಟೂ ಮಸುಕಿಲ್ಲ. ಅದನ್ನು ಬೀರುವಿನಲ್ಲಿ ಮಡಿಸಿಟ್ಟ ಹಳೆಯ ಕೋಟುಗಳ ಅಡಿಗೆ ತಳ್ಳಿದಳು.

ಜೂನ್‌ನ ಒಂದು ಭಾನುವಾರ ವರಾಂಡದಲ್ಲಿ ಕೂತು ಮೆಕ್ಕೆಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಮ್ಮನಿಗೆ ತಿನ್ನಿಸುತ್ತಿದ್ದಳು. ಅವನು ಮಾತು ಕೂಡಿಸಿಕೊಂಡು, ಅವತ್ತಿನ ಫೋಟೋ ಎಲ್ಲಿ ಎಂದು ಕೇಳಿದ.

"ಬರ್ಲಿಲ್ಲ ಕಣೋ. ಎಲ್ಲಾ ಮಸುಕಾಗೋಯ್ತು."

ಕ್ಲಿಯೋಫಸ್ ಬಲಗೈ ತಂದು ಅವಳ ಮಂಡಿಯ ಮೇಲಿಟ್ಟ.

"ನಾನೇ... ದೋಣಿ ಅಲ್ಲಾಡಿಸ್ಬಿಟ್ನೇನೋ ಅಕ್ಕಾ."

ಇಲ್ಲಪ್ಪ, ನಂದೇ ಕೈ ನಡುಗಿತು ಅಂದಳು. ಅವನು ನಂಬಲಿಲ್ಲ. ಅವಳು ಇನ್ನೊಂದು ತುತ್ತು ಕಲಸಿ ಅವನ ಬಾಯಿಗಿಟ್ಟಳು.