ಮಹಾಪಾಲಕರ ಮೇಲ್ಸಾಲಿನ ಹಲ್ಲು

ನನಗೆ ಮದುವೆಯೇ ಆಗಿರಲಿಲ್ಲ ಎಂಬ ಸರ್ಕಾರಿ ಪತ್ರ ಬಂದಾಗ ಅದನ್ನು ನನಗೆ ಓದಿ ಹೇಳಿದವರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ.

ಅದಕ್ಕೆ ಹನ್ನೊಂದು ದಿನ ಮೊದಲು ನನ್ನ ಹೆಂಡತಿಯನ್ನು ಹಿಡಿದುಕೊಂಡು ಹೋಗಿದ್ದರು. ಸೋಪಿನ ಸರದಿಯಲ್ಲಿ ನಿಂತಿದ್ದಳು. ಧ್ವನಿವರ್ಧಕದಲ್ಲಿ ನಾಡನ್ನಾಳುವ ಮಹಾಪಾಲಕರ ಭಾಷಣ. ನಡುವೆ ಅವರು ಸೀನಿದರು, ಸೀನಿಗೂ ಜನ ಚಪ್ಪಾಳೆ ತಟ್ಟಿದರು, ಇವಳು ಕಿಸಕ್ಕನೆ ನಕ್ಕಳು. ನಗು ತಡೆದುಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಈಗ ಪತ್ರದ ಪ್ರಕಾರ ಅಂಥ ಹೆಂಗಸು ಹುಟ್ಟಿಯೇ ಇಲ್ಲ, ನಾನು ಐವತ್ತೆರಡು ವರ್ಷದ ಬ್ರಹ್ಮಚಾರಿ, ಅತ್ತೆ ನಮ್ಮನೆಯ ಬಾಡಿಗೆದಾರರು.

ಮೂರು ದಿನ ಇಬ್ಬರೂ ಕಣ್ಣೀರು ಹಾಕಿದೆವು. ನಾಲ್ಕನೇ ದಿನ ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನೆದುರು ನಿಂತರು.

"ಇಪ್ಪತ್ತಾರು ವರ್ಷ ಅಳಿಯಂದಿರೇ ಅಂತ ಮರ್ಯಾದೆ ಕೊಟ್ಟಿದ್ದಾಯ್ತು. ಸರ್ಕಾರವೇ ಅಲ್ಲ ಅಂದ್ಮೇಲೆ ನಂಗ್ಯಾಕೆ ದಾಕ್ಷಿಣ್ಯ? ಲೋ, ಒದ್ದೆ ಟವೆಲ್ ಇನ್ನೊಂದ್ಸಲ ಮಂಚದ ಮೇಲೆ ಹಾಕು, ಮಾಡ್ತೀನಿ ನಿಂಗೆ!"

ಬೈಯಲು ದಾರಿ ಸಿಕ್ಕಿದ್ದು ಅವರಿಗೂ ಹಿತವಾಗಿತ್ತು, ನನಗೂ. ಬೈಯುವವಳಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಜನ 'ಒರೆಸೋ ಇಲಾಖೆ' ಎಂದು ಕರೆಯುವ ಕಚೇರಿಯವರು ಬಂದು ಅವಳ ಬಟ್ಟೆ, ಫೋಟೋ, ಚಪ್ಪಲಿ ಎಲ್ಲ ಒಯ್ದರು. ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಕೂದಲನ್ನೂ ಬಿಡದೆ, 'ಯಾರದೂ ಅಲ್ಲದ ಕೂದಲು' ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು.

ಉಳಿದದ್ದು ಒಂದೇ, ಅದೂ ನನ್ನ ಅಂಗಡಿಯಲ್ಲಿ. ನಾನು ಹಲ್ಲಿನ ಸೆಟ್ಟು ಕಟ್ಟುವವನು. ಬಾಯಿಗೆ ಮೇಣ ಒತ್ತಿ ಅಳತೆ ತೆಗೆದು, ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಅಚ್ಚು ನೋಡಿಕೊಂಡು ಹಲ್ಲು ಕೂರಿಸುತ್ತೇನೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನ ಕೈಗೆ ಬಾಯಿ ಒಪ್ಪಿಸಲು ಯಾವ ಗಿರಾಕಿಯೂ ತಯಾರಿರಲಿಲ್ಲ. ಹೊಸದಾಗಿ ಮನೆಗೆ ಬಂದಿದ್ದ ಹೆಂಡತಿ ಸಿಕ್ಕಳು. ಮೇಣ ಗಟ್ಟಿಯಾಗುವವರೆಗೆ ಐದು ನಿಮಿಷ ಅವಳು ಮಾತಾಡುವಂತಿರಲಿಲ್ಲ. ನಮ್ಮ ಸಂಸಾರದಲ್ಲಿ ಕೊನೆಯ ಮಾತು ನನ್ನದಾದದ್ದು ಆವತ್ತು ಮಾತ್ರ. ಅವಳ ಮೇಲ್ಸಾಲಿನ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿದ್ದ ಆ ಅಚ್ಚು ಕಪಾಟಿನಲ್ಲಿ ಮುನ್ನೂರು ಗಿರಾಕಿಗಳ ಅಚ್ಚುಗಳ ನಡುವೆ ಕೂತಿತ್ತು.

ಒಂದು ಬೆಳಿಗ್ಗೆ ಆ ಇಲಾಖೆಯ ಸಾಹೇಬರು ಸುತ್ತಿಗೆ ಹಿಡಿದು ಅಂಗಡಿಗೇ ಬಂದರು. ಕಪಾಟು ಜಾಲಾಡುತ್ತ ಅವಳ ಅಚ್ಚಿನ ಹತ್ತಿರವೇ ನಿಂತರು.

"ಎಲ್ಲದರ ಮೇಲೂ ಹೆಸರಿದೆ. ಇದ್ಯಾರ್ದು?"

ನನ್ನ ಜೀವ ಬಾಯಿಗೆ ಬಂತು. ಇದೂ ಪುಡಿಯಾದರೆ ಅವಳು ನಿಜಕ್ಕೂ ಇರಲಿಲ್ಲವೆಂದೇ ಆಗುತ್ತದೆ. ಗೋಡೆಯ ಮೇಲಿನ ಮಹಾಪಾಲಕರ ಪಟ ಕಣ್ಣಿಗೆ ಬಿತ್ತು. ಯಾವ ಪಟದಲ್ಲೂ ಆ ಮನುಷ್ಯ ಬಾಯಿ ಬಿಟ್ಟಿಲ್ಲ. ಅವರ ಹಲ್ಲು ಕಂಡವರು ಯಾರೂ ಇಲ್ಲ.

"ಅವರದೇ ಸಾರ್," ಪಟ ತೋರಿಸಿದೆ. "ಅಂಥವರ ಹೆಸರು ಅಚ್ಚಿನ ಮೇಲೆ ಗೀಚೋಕಾಗತ್ತಾ?"

ಸಾಹೇಬರು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿ ಸೆಟೆದು ನಿಂತರು. ಆಮೇಲೆ ಬಗ್ಗಿ ನೋಡಿದರು. "ಮುಂದಿನ ಹಲ್ಲು ಸೊಟ್ಟಗಿದೆಯಲ್ಲ?"

"ಸೊಟ್ಟ ಅಂತ ಬರ್ಕೊಳ್ಲಾ ಸಾರ್? ನೀವು ಹೇಳಿದ್ದು ಅಂತ?"

"ಏ, ಬೇಡಪ್ಪ! ಗಂಭೀರವಾಗಿದೆ ಅಂದೆ ನಾನು."

ನಿಜವೇ ಎಂದು ಸಾಹೇಬರು ಅರಮನೆಯಲ್ಲಿ ವಿಚಾರಿಸುವಂತಿಲ್ಲ, ವಿಚಾರಿಸಿದರೆ ಅನುಮಾನಪಟ್ಟಂತೆ, ಅನುಮಾನಪಟ್ಟವರನ್ನು ಒರೆಸುವುದೇ ಅವರ ಕೆಲಸ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಸಾಹೇಬರು ಕೋಟು ಬಿಚ್ಚಿ, ಅಚ್ಚನ್ನು ಕೂಸಿನಂತೆ ಅದರಲ್ಲಿ ಸುತ್ತಿದರು.

"ಇಂಥ ವಸ್ತು ನಿನ್ನ ಈ ಗಲೀಜು ಕಪಾಟಿನಲ್ಲಿರೋದಾ? ನಮ್ಮ ಕಚೇರಿಯ ಗಾಜಿನ ಪೆಟ್ಟಿಗೇಲಿರ್ಬೇಕು."

ಒಯ್ದೇಬಿಟ್ಟರು. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ.

"ಇದ್ದ ಒಂದು ಗುರುತನ್ನೂ ಕಳ್ಕೊಂಡು ಬಂದ್ಯಲ್ಲೋ!" ಎಂದರು ಅತ್ತೆ. "ನನ್ನ ಮಗಳ ಹಲ್ಲಿಗೆ ಆ ಮೂತಿಯ ಹೆಸರು ಬೇರೆ!" ಆಮೇಲೆ ಒಂದು ವಾರ ಬೈಯಲೂ ಇಲ್ಲ. ಆ ವಾರ ನಾನು ಅವಳನ್ನು ಎರಡನೇ ಸಲ ಕಳೆದುಕೊಂಡೆ, ಈ ಸಲ ನನ್ನದೇ ಬಾಯಿಂದ.

ತಿಂಗಳಾದ ಮೇಲೆ ಸಾಹೇಬರು ಇಬ್ಬರು ಕಾವಲುಗಾರರೊಂದಿಗೆ ಮತ್ತೆ ಬಂದರು. ಒಬ್ಬನ ಕೈಯಲ್ಲಿ ಮೆತ್ತೆ, ಮೆತ್ತೆಯ ಮೇಲೆ ಅಚ್ಚು. ಸಾಹೇಬರ ಬಾಯಿಗೆ ಕರವಸ್ತ್ರ ಅಡ್ಡವಿತ್ತು. ಗಟ್ಟಿಮುಟ್ಟಾಗಿದ್ದ ಮುಂದಿನ ಆರು ಹಲ್ಲುಗಳನ್ನು ನಿಷ್ಠೆಯಿಂದ ಕೀಳಿಸಿಕೊಂಡು ಬಂದಿದ್ದರು.

"ಅಧಿಕಾರಿಗಳೆಲ್ಲ ಇನ್ಮೇಲೆ ಇದೇ ಹಲ್ಲು ಹಾಕ್ಕೋಬೇಕು ಅಂತ ಆದೇಶ ಬರ್ತಿದೆ. ಮೊದಲನೇ ಸೆಟ್ಟು ನಂದಾಗ್ಬೇಕು. ಒಂದು ಕೂದಲೆಳೆ ಆಚೀಚೆ ಆಗ್ಬಾರ್ದು."

ಒಂಬತ್ತು ದಿನ ಕೆಲಸ ಮಾಡಿದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾಡಿದವನಲ್ಲ.

ಸೆಟ್ಟು ಕೂರಿಸಿದ ದಿನ ಅತ್ತೆ ನನ್ನ ಊಟದ ಡಬ್ಬಿ ತಂದು ಬಾಗಿಲಲ್ಲೇ ನಿಂತಿದ್ದರು. ಸಾಹೇಬರು ಕನ್ನಡಿ ನೋಡಿಕೊಂಡು, ನಮ್ಮ ಕಡೆ ತಿರುಗಿ ಬಾಯ್ತುಂಬ ನಕ್ಕರು.

ಆ ದಪ್ಪ ಮೀಸೆಯ ಕೆಳಗೆ ನನ್ನ ಹೆಂಡತಿ ನಗುತ್ತಿದ್ದಳು.

ಅವಳನ್ನು ಒರೆಸಿ ಹಾಕಿದವನ ಮುಖದಲ್ಲೇ! ಕಪಾಳಕ್ಕೆ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅದಕ್ಕಿಂತ ದೊಡ್ಡದಾದ ಆಸೆಯೂ ಬಂತು.

"ಇನ್ನೊಂದ್ಸಲ ನಗಿ ಸಾರ್," ಎಂದೆ, "ಸರಿಯಾಗಿ ಕೂತಿದ್ಯಾ ನೋಡ್ಬೇಕು."

ಸೆಟ್ಟು ಸರಿಯಾಗೇ ಕೂತಿತ್ತು. ಅವರು ನಕ್ಕರು.

ಅತ್ತೆ ಡಬ್ಬಿ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ಸಾಹೇಬರ ಮುಖದ ಹತ್ತಿರಕ್ಕೇ ಬಂದರು.

"ನಂಗಿನ್ನೂ ಸರಿಯಾಗಿ ಕಾಣ್ಲಿಲ್ಲಪ್ಪ," ಎಂದರು.

ಸಾಹೇಬರು ಅತ್ತೆಯ ಕಡೆ ತಿರುಗಿ ಮತ್ತೊಮ್ಮೆ ನಕ್ಕರು.